ಏಣಿಯನ್ನು ತಡೆಯುವ ಉಪಾಯ

ದರ್ಜಿಯ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಅವನ ಹೊಲಿಗೆಯ ವಿಷಯವಲ್ಲ, ಫುಟ್‌ಬಾಲ್ ವಿಷಯ. ಹೊಲಿಗೆಯಲ್ಲಿ ಅವನಷ್ಟು ಗಟ್ಟಿಗರು ಊರಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ. ಆಟ ನೋಡಿ ಅರ್ಥ ಮಾಡಿಕೊಳ್ಳುವುದರಲ್ಲಿ ಅವನ ಹತ್ತಿರ ಸುಳಿಯುವವರು ಒಬ್ಬರೂ ಇಲ್ಲ, ನನ್ನ ಭಾವನೂ ಸೇರಿ. ಭಾವ ಎಂದರೆ ನನ್ನ ಅಕ್ಕನ ಗಂಡ, ಬಸ್ ಡಿಪೋ ತಂಡದ ಕೋಚ್. ಅಕ್ಕನ ಕಿವಿಗೆ ಈ ಮಾತು ಬಿದ್ದರೆ ನನ್ನನ್ನು ಮನೆಯೊಳಗೆ ಬಿಡುವುದಿಲ್ಲ, ಇರಲಿ.

ನಾನು ಕ್ಷೌರಿಕ. ಮೂವತ್ತು ವರ್ಷದಿಂದ ದರ್ಜಿಯ ಪಕ್ಕದ ಅಂಗಡಿಯವನು. ದರ್ಜಿ ತನ್ನ ಜೀವಮಾನದಲ್ಲಿ ಒಂದು ದಿನ ಚೆಂಡು ಒದ್ದವನಲ್ಲ. ಹನ್ನೆರಡನೇ ವಯಸ್ಸಿಗೇ ಹೊಲಿಗೆ ಮಿಷನ್ ಮುಂದೆ ಕೂತವನು, ಕೂತಲ್ಲೇ ಬೆನ್ನು ಬಾಗಿಸಿಕೊಂಡ. ಮೈದಾನದಲ್ಲಿ ಎಲ್ಲರೂ ನಡುವಿನ ಜಾಗಕ್ಕೆ ನೂಕಾಡಿದರೆ ಇವನು ಮೂಲೆಯ ಬಾವುಟದ ಹಿಂದೆ ಒಬ್ಬನೇ ನಿಲ್ಲುತ್ತಿದ್ದ. ಯಾಕೆ ಎಂದು ಕೇಳಿದರೆ, "ಎಲ್ರೂ ಕಾಲು ನೋಡ್ತಾರೆ. ಕಾಲು ಸುಳ್ಳು ಹೇಳುತ್ತೆ ಮಾರಾಯ. ನಾನು ಸೊಂಟ ನೋಡ್ತೀನಿ" ಎನ್ನುತ್ತಿದ್ದ. ಜನರ ಸೊಂಟದ ಅಳತೆ ತೆಗೆದೇ ಹೊಟ್ಟೆ ಹೊರೆದವನು ಇನ್ನೇನು ನೋಡುತ್ತಾನೆ, ಹೇಳಿ.

ಹೆಂಡತಿ ತೀರಿಕೊಂಡಾಗ ಮಗನಿಗೆ ಒಂಬತ್ತು ವರ್ಷ. ಅಡುಗೆ, ಸ್ನಾನ, ಶಾಲೆ, ಜ್ವರ, ಎಲ್ಲವನ್ನೂ ದರ್ಜಿ ಒಬ್ಬನೇ ನೋಡಿಕೊಂಡ. ಆ ಹುಡುಗ ಬೆಳೆದು ಡಿಪೋದಲ್ಲಿ ಮೆಕ್ಯಾನಿಕ್ ಆದ, ಡಿಪೋ ತಂಡಕ್ಕೆ ಸೇರಿದ, ಹನ್ನೊಂದು ವರ್ಷ ತಂಡದ ಬೆನ್ನೆಲುಬಾಗಿ ಹಿಂದಿನ ಸಾಲಿನಲ್ಲಿ ನಿಂತು ಆಡಿದ. ಮದುವೆಯಾಗಿ, ಒಂದು ಹೆಣ್ಣು ಮಗುವಿನ ತಂದೆಯಾದ ಮೇಲೂ ಅಪ್ಪನ ಜೊತೆಯಲ್ಲೇ ಇದ್ದ. ದರ್ಜಿ ಅವನನ್ನು ಎದುರಿಗೆ ಒಂದು ದಿನವೂ ಹೊಗಳಲಿಲ್ಲ. ಆದರೆ ಮಗ ಚೆಂಡು ತಡೆದಾಗಲೆಲ್ಲ ಆ ಮೂಲೆಯಲ್ಲಿ ನಿಂತು ತನ್ನ ಅಂಗಿಯ ತೋಳನ್ನು ಒಂದು ಸಲ ಮಡಿಸುತ್ತಿದ್ದ. ಒಳ್ಳೆಯ ಆಟದ ದಿನ ತೋಳು ಭುಜದ ತನಕ ಏರಿರುತ್ತಿತ್ತು.

ಪ್ರತಿ ಗುರುವಾರ ಸಂಜೆ ನಮ್ಮ ಸಭೆ. ಸಭೆ ಎಂದರೆ ನಾಲ್ಕು ಜನ: ದರ್ಜಿ, ನಾನು, ನಿವೃತ್ತರಾದ ಲೆಕ್ಕದ ಮೇಷ್ಟ್ರು, ಮತ್ತೆ ಹಾರ್ನ್ ಎಂದು ನಾವು ಕರೆಯುವ ಬಸ್ ಡ್ರೈವರ್. ಮೆಲ್ಲಗೆ ಮಾತಾಡಲು ಬರದವನಿಗೆ ಬೇರೆ ಯಾವ ಹೆಸರು ಇಡುವುದು? ದರ್ಜಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಮೈದಾನ ಬರೆದು, ಗುಂಡಿಗಳನ್ನು ಆಟಗಾರರಂತೆ ಇಟ್ಟು ಜಗಳ ಆಡುತ್ತಿದ್ದೆವು. ಆ ಮೇಜಿಗೆ ಒಂದು ನಿಯಮವಿತ್ತು, ಅಲ್ಲಿ ನೆಂಟಸ್ತಿಕೆ ಇಲ್ಲ. ಅದನ್ನು ಮಾಡಿದವನು ದರ್ಜಿಯೇ. ಒಂದು ಸಲ ನಾನು ಭಾವನ ಪರ ವಹಿಸಿ ಮಾತಾಡಿದ್ದಕ್ಕೆ ನನ್ನ ಬಾಯಿ ಮುಚ್ಚಿಸಲು ಮಾಡಿದ್ದು.

ಎರಡು ವರ್ಷದ ಹಿಂದೆ ನಮ್ಮ ತಂಡ ಮೊದಲ ಸಲ ಪ್ಲೇಆಫ್‌ಗೆ ಬಂತು. ಗೆದ್ದರೆ ಮೇಲಿನ ಲೀಗು, ಸೋತರೆ ಮತ್ತೆ ಅದೇ ಮಣ್ಣು. ಎದುರಾಳಿ ಬಂದರಿನ ತಂಡ. ಅದೇ ವರ್ಷ ಅವರು ನಮ್ಮನ್ನು ಮೂರು ಸಲ ಚಚ್ಚಿ ಕಳಿಸಿದ್ದರು. ಅವರಲ್ಲೊಬ್ಬ ಉದ್ದನೆಯವನಿದ್ದ, ನಾವು ಏಣಿ ಎನ್ನುತ್ತಿದ್ದೆವು. ನಮ್ಮ ವಿರುದ್ಧ ಬಿದ್ದ ಒಂಬತ್ತು ಗೋಲಿನಲ್ಲಿ ಆರು ಅವನವೇ. ಭಾನುವಾರ ಆಟ. ಗುರುವಾರ ಮಧ್ಯಾಹ್ನದಿಂದಲೇ ನನಗೆ ಕೈ ನಿಲ್ಲದೆ, ಒಬ್ಬ ಗಿರಾಕಿಯ ಮೀಸೆ ಒಂದು ಕಡೆ ಗಿಡ್ಡವಾಯಿತು.

ಹಾರ್ನ್ ಬಂದವನೇ ಶುರು ಮಾಡಿದ. "ಮೊದಲ ಹತ್ತು ನಿಮಿಷದಲ್ಲಿ ಎಲ್ರೂ ಮುಂದೆ ನುಗ್ಗಬೇಕು. ಎರಡು ಗೋಲು ಹೊಡೆದು ಆಮೇಲೆ ಬಾಗಿಲು ಹಾಕ್ಕೊಂಡು ಕೂತ್ರಾಯ್ತು."

"ಹೊಡೆಯೋದೇನು, ಮನೇಲಿ ಸೊಳ್ಳೆ ಹೊಡೆದ ಹಾಗಾ?" ಎಂದರು ಮೇಷ್ಟ್ರು. ಅವರ ಲೆಕ್ಕವೇ ಬೇರೆ. ಹಿಂದೆ ಐದು ಜನ, ನಡುವೆ ನಾಲ್ಕು ಜನ, ಸೊನ್ನೆ ಸೊನ್ನೆ ಮಾಡಿ ಪೆನಾಲ್ಟಿಗೆ ಎಳೆಯುವುದು.

ಏಣಿಗೆ ಇಬ್ಬರನ್ನು ಅಂಟಿಸೋಣ ಎಂದೆ ನಾನು. ಒಬ್ಬ ಮುಂದೆ, ಒಬ್ಬ ಹಿಂದೆ.

ದರ್ಜಿ ನಮ್ಮ ಮೂವರ ಮಾತನ್ನೂ ಕೇಳಿ ಗುಂಡಿಗಳನ್ನು ಸರಿಸಿದ. "ಇಬ್ಬರನ್ನ ಅಂಟಿಸಿದ್ರೆ ಇನ್ನೊಂದು ಕಡೆ ಬಯಲಾಗುತ್ತೆ. ಒಬ್ಬನೇ ಸಾಕು. ಏಣಿ ಚೆಂಡು ತಗೊಂಡ ಮೇಲೆ ಯಾವಾಗ್ಲೂ ನಮ್ಮವನ ಎಡಕ್ಕೇ ತಿರುಗ್ತಾನೆ. ಮೂರು ಆಟದಲ್ಲೂ ನೋಡಿದೀನಿ, ಅವನ ಸೊಂಟಕ್ಕೆ ಇನ್ನೊಂದು ಕಡೆ ಗೊತ್ತೇ ಇಲ್ಲ. ಅವನ ಜೊತೆಗೇ ತಿರುಗೋನು ಒಬ್ಬ ಬೇಕು. ಬಲಗಾಲ ಮೇಲೆ ಪೂರ್ತಿ ಭಾರ ಹಾಕಿ ತಿರುಗಬೇಕು, ಅಷ್ಟೇ."

"ಹಾಗಾದ್ರೆ ಮುಗೀತಲ್ಲ" ಎಂದ ಹಾರ್ನ್. "ನಿನ್ನ ಮಗ ಇದ್ದಾನೆ."

ದರ್ಜಿ ಮಗನ ಗುಂಡಿಯ ಮೇಲೆ ಬೆರಳಿಟ್ಟು ಕೂತ. ಟೀ ತಣ್ಣಗಾಗುತ್ತಿತ್ತು, ಅದನ್ನು ಮುಟ್ಟಲಿಲ್ಲ. ನನಗೆ ಆಗಲೇ ಏನೋ ಸರಿಯಿಲ್ಲ ಅನ್ನಿಸಿತ್ತು. ಆಗ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಕೇಳಬಾರದ್ದನ್ನು ಕೇಳಿದರು. "ಮೇಜಿನ ನಿಯಮ ನಿಂದೇ ಕಣಯ್ಯ. ನೆಂಟಸ್ತಿಕೆ ಬಿಟ್ಟು ಹೇಳು. ಅವನ ಕೈಲಿ ಆಗುತ್ತಾ?"

ಆಗುತ್ತೆ ಎಂದು ಒಂದು ಮಾತು ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು? ಸುಳ್ಳು ಹೇಳದ ಮನುಷ್ಯ ಈ ಊರಲ್ಲಿ ಯಾರಿದ್ದಾರೆ? ಆದರೆ ದರ್ಜಿಗೆ ಆ ಮೇಜಿನ ಮುಂದೆ ತಪ್ಪು ಆಟ ಹೇಳಲು ನಾಲಿಗೆ ಏಳುತ್ತಿರಲಿಲ್ಲ.

"ಆಗಲ್ಲ" ಎಂದ. "ಹೋದ ವಾರ ಪ್ಯಾಂಟಿಗೆ ಅಳತೆ ತೆಗೆದೆ. ಬಲತೊಡೆ ಸುತ್ತು ಎಡತೊಡೆಗಿಂತ ಒಂದೂವರೆ ಇಂಚು ಕಮ್ಮಿ. ಕೇಳಿದ್ರೆ, ಆ ಕಾಲಿನ ಮಂಡಿ ಹೋಗಿ ಆರು ತಿಂಗಳಾಗಿದೆಯಂತೆ, ಯಾರಿಗೂ ಹೇಳಿಲ್ಲ. ಇದೊಂದು ಆಟ ಆಡಿ ನಿಲ್ಲಿಸ್ತೀನಿ ಅಪ್ಪ, ಯಾರ ಹತ್ರನೂ ಬಾಯಿ ಬಿಡಬೇಡ ಅಂದ." ಮಗನ ಗುಂಡಿಯನ್ನು ತೆಗೆದು ಪಕ್ಕಕ್ಕಿಟ್ಟ. "ಏಣಿಗೆ ಹತ್ತು ನಿಮಿಷ ಸಾಕು, ಕಂಡುಹಿಡೀತಾನೆ. ಅಲ್ಲಿ ಈ ವರ್ಷ ತಂಡಕ್ಕೆ ಸೇರಿದ ಆ ಚಿಕ್ಕವನನ್ನ ಆಡಿಸಬೇಕು." ಮತ್ತೆ ನಮ್ಮ ಮೂವರ ಮುಖ ನೋಡಿ, "ಇದು ಈ ಮೇಜು ಬಿಟ್ಟು ಹೋಗಬಾರದು" ಎಂದ.

ಶುಕ್ರವಾರ ಬೆಳಿಗ್ಗೆ ನಾನು ಭಾವನ ಗಡ್ಡ ಬೋಳಿಸಲು ಅಕ್ಕನ ಮನೆಗೆ ಹೋದೆ. ವಾರಕ್ಕೊಮ್ಮೆ ಹೋಗುವುದು ರೂಢಿ. ಭಾವ ಏಣಿಯ ಚಿಂತೆಯಲ್ಲೇ ಇದ್ದ. ನೊರೆ ಹಚ್ಚುವಾಗ ನಾಲಿಗೆ ಕಚ್ಚಿಕೊಂಡಿದ್ದೆ, ಕತ್ತಿ ಹಿಡಿದಾಗಲೂ ಕಚ್ಚಿಕೊಂಡಿದ್ದೆ. ಎಡಗೆನ್ನೆ ಮುಗಿಯುವ ಹೊತ್ತಿಗೆ ಎಲ್ಲ ಹೇಳಿಬಿಟ್ಟಿದ್ದೆ. ತಂಡ ಗೆಲ್ಲಲಿ ಎಂದು ಹೇಳಿದೆ ಅಂತ ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನಿಜ ಅದಲ್ಲ. ಕೋಚ್‌ಗೆ ಗೊತ್ತಿಲ್ಲದ್ದು ನನಗೆ ಗೊತ್ತು ಎಂಬ ಕೊಬ್ಬು, ಅಷ್ಟೇ.

ಶನಿವಾರ ಅಭ್ಯಾಸದಲ್ಲಿ ಭಾವ ದರ್ಜಿಯ ಮಗನನ್ನು ಎಲ್ಲರೆದುರು ಕರೆದು, ಬಲಗಾಲೊಂದರಲ್ಲೇ ಹತ್ತು ಸಲ ಕುಪ್ಪಳಿಸಲು ಹೇಳಿದ. ನಾಲ್ಕನೆಯದಕ್ಕೆ ಮಂಡಿ ಕೈಕೊಟ್ಟಿತು. ಅವನು ಎದ್ದು ಮಣ್ಣು ಕೊಡವಿಕೊಂಡು ಬೆಂಚಿಗೆ ಹೋಗಿ ಕೂತನಂತೆ.

ಭಾನುವಾರ ನಾವು ಗೆದ್ದೆವು, ಒಂದು ಸೊನ್ನೆ. ಚಿಕ್ಕವನು ಏಣಿಯ ಜೊತೆ ಇಡೀ ಆಟ ಎಡಕ್ಕೆ ತಿರುಗಿದ, ಏಣಿಗೆ ಗೋಲಿನ ಮುಖವೇ ಕಾಣಲಿಲ್ಲ. ದರ್ಜಿ ಹೇಳಿದ್ದು ಅಕ್ಷರಶಃ ನಿಜವಾಯಿತು. ಆಟದ ನಡುವೆ ಬೆಂಚಿನಿಂದ ಮೂವರನ್ನು ಇಳಿಸಿದರು, ಅವರಲ್ಲಿ ಅವನ ಮಗ ಇರಲಿಲ್ಲ. ಸೊಸೆಯೂ ಮೊಮ್ಮಗಳೂ ಹೊಸ ಬಟ್ಟೆ ಹಾಕಿಕೊಂಡು ನೋಡಲು ಬಂದಿದ್ದರು. ಕೊನೆಯ ಸೀಟಿ ಊದಿದಾಗ ಜನ ಮೈದಾನಕ್ಕೆ ನುಗ್ಗಿ ಆಟಗಾರರನ್ನು ಹೆಗಲ ಮೇಲೆ ಹೊತ್ತರು. ಹನ್ನೊಂದು ವರ್ಷ ಆಡಿದವನು ಪೂರ್ತಿ ಆಟದ ಬಟ್ಟೆಯಲ್ಲಿ, ಬೂಟಿನ ದಾರ ಕೂಡ ಸಡಿಲಿಸದೆ, ಬೆಂಚಿನ ಸುತ್ತ ಬಿದ್ದ ನೀರಿನ ಬಾಟಲಿಗಳನ್ನು ಆಯುತ್ತಿದ್ದ. ಮೂಲೆಯ ಬಾವುಟದ ಹಿಂದೆ ದರ್ಜಿಯ ಅಂಗಿಯ ಎರಡೂ ತೋಳು ಮಣಿಕಟ್ಟಿನ ತನಕ ಇಳಿದಿದ್ದವು.

ಸಂಜೆ ಬೀದಿಯೆಲ್ಲ ಗದ್ದಲ. ನಾನು ದರ್ಜಿಯ ಅಂಗಡಿಯಲ್ಲೇ ಇದ್ದೆ. ಮಗ ಬಂದ. ನನ್ನ ಕಡೆ ನೋಡಿ ತಲೆಯಾಡಿಸಿ, ಅಪ್ಪನನ್ನು ಕೇಳಿದ.

"ಕೋಚ್‌ಗೆ ಯಾರು ಹೇಳಿದ್ದು?"

ಬಾಯಿ ತೆರೆಯಬೇಕಾದ ಒಂದೇ ಒಂದು ಹೊತ್ತಿನಲ್ಲಿ ನನ್ನ ದರಿದ್ರ ಬಾಯಿ ತೆರೆಯಲಿಲ್ಲ.

"ನಾನೇ" ಎಂದ ದರ್ಜಿ.

"ಮಂಡಿ ವಿಷಯ ನಿಂಗೊಬ್ಬನಿಗೇ ಹೇಳಿದ್ದೆ. ನನ್ನ ಹೆಂಡತಿಗೂ ಹೇಳಿರಲಿಲ್ಲ. ಅಪ್ಪ ಅಂತ ಹೇಳಿದ್ದೆ."

ದರ್ಜಿಗೆ ಆ ಹೊತ್ತಿಗೆ ಬೇರೇನಾದರೂ ಹೊಳೆಯಬಾರದಿತ್ತೇ? ಹೊಳೆದದ್ದು ಆಟವೇ. "ನೀನು ಆಡಿದ್ರೆ ಸೋಲ್ತಿದ್ವಿ ಕಣೋ" ಎಂದ.

"ಸೋಲ್ತಿದ್ವೇನೋ" ಎಂದ ಮಗ. "ನಾನು ಆಡ್ತಿದ್ದೆ."

ಆ ತಿಂಗಳೇ ಅವನು ಹೆಂಡತಿ ಮಗುವನ್ನು ಕರೆದುಕೊಂಡು ಡಿಪೋದ ಕ್ವಾರ್ಟರ್ಸ್‌ಗೆ ಹೋದ. ಎರಡು ವರ್ಷವಾಯಿತು, ಅಪ್ಪನ ಜೊತೆ ಮಾತಿಲ್ಲ. ಸೊಸೆ ಆಗಾಗ ಮಗುವನ್ನು ಕರೆತಂದು ತೋರಿಸಿ ಹೋಗುತ್ತಾಳೆ. ಗುರುವಾರದ ಸಭೆ ನಿಂತುಹೋಯಿತು. ಮೇಲಿನ ಲೀಗಿನಲ್ಲಿ ನಮ್ಮ ತಂಡ ಚೆನ್ನಾಗಿಯೇ ಆಡುತ್ತಿದೆ ಎನ್ನುತ್ತಾರೆ. ದರ್ಜಿ ಮೈದಾನದ ಕಡೆ ತಲೆ ಹಾಕುವುದಿಲ್ಲ, ನಾನೂ ಹೋಗುವುದಿಲ್ಲ.

ಆದರೆ ಮಗ ನನ್ನ ಅಂಗಡಿಗೆ ಬರುತ್ತಾನೆ. ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಮನಸ್ಸಿನಲ್ಲಿರುವುದನ್ನೆಲ್ಲ ಹೇಳುತ್ತಾನೆ. "ನಿಮ್ಮ ಹತ್ರ ಹೇಳಿದ್ದು ಎಲ್ಲೂ ಹೋಗಲ್ಲ, ಅದೊಂದು ಸಮಾಧಾನ" ಎಂದ ಒಂದು ಸಲ. ಕತ್ತರಿ ಅವನ ಕಿವಿ ಕುಯ್ಯದೆ ಬಿಟ್ಟಿದ್ದೇ ಹೆಚ್ಚು.

ಅವತ್ತೇ ಮಧ್ಯಾಹ್ನ ದರ್ಜಿಯ ಹತ್ತಿರ ಹೋಗಿ ಹೇಳಿದೆ. "ಸಾಕಪ್ಪ. ಮುಂದಿನ ಸಲ ಬಂದಾಗ ನಿಜ ಹೇಳ್ಬಿಡ್ತೀನಿ. ಕೋಚ್‌ಗೆ ಹೇಳಿದ್ದು ನಾನು, ನೀನಲ್ಲ ಅಂತ. ಉಗಿದ್ರೆ ನನಗೆ ಉಗೀಲಿ."

ಅವನು ತಲೆ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದ. ಎರಡು ಸಲ ತಪ್ಪಿತು.

"ಮೇಜಿನ ಮುಂದೆ ಬಾಯಿ ಬಿಟ್ಟೋನು ನಾನಲ್ವಾ? ನೀನು ಹೇಳಿದ್ರೂ ಅವನು ನನ್ನ ಹತ್ರ ವಾಪಸ್ ಬರಲ್ಲ" ಎಂದ. "ನಿನ್ನ ಹತ್ರ ಬರೋದನ್ನೂ ನಿಲ್ಲಿಸ್ತಾನೆ. ನಮ್ಮಿಬ್ಬರ ಅಂಗಡಿ ನಡುವೆ ಇರೋದು ಹಲಗೆ ಗೋಡೆ, ಅವನು ಮಾತಾಡೋದೆಲ್ಲ ಕೇಳ್ಸುತ್ತೆ. ಅವನು ಬಂದಾಗ ನಾನು ಮಿಷನ್ ನಿಲ್ಲಿಸಿ ಕೂತಿರ್ತೀನಿ."

ಕೊನೆಗೂ ದಾರ ಪೋಣಿಸಿ, "ಮುಂದಿನ ಸಲ ಬಂದಾಗ ಮಂಡಿ ಹೇಗಿದೆ ಅಂತ ಕೇಳು" ಎಂದ. "ಸ್ವಲ್ಪ ಜೋರಾಗಿ ಕೇಳು, ಅವನೂ ಜೋರಾಗಿ ಹೇಳ್ತಾನೆ."