ನನ್ನ ಹೆಸರು ಹೇಳಿದವಳು

ನನ್ನ ನೆಗೆಣ್ಣಿ ಅಡುಗೆಯ ಉಪ್ಪನ್ನು ಮೂಗಿನಿಂದ ನೋಡುತ್ತಿದ್ದಳು. ಕುದಿಯುವ ಗಡಿಗೆಯ ಮೇಲೆ ಅಂಗೈ ಹಿಡಿದು, ಹಬೆಗೆ ಒದ್ದೆಯಾದ ಆ ಕೈಯನ್ನು ಮುಖದ ಹತ್ತಿರ ತಂದು ಕಣ್ಣು ಮುಚ್ಚುವಳು. ಹೊಳ್ಳೆ ಹಿಗ್ಗಿ, ಕೆಂಪು ಹರಳಿನ ಮೂಗುಬೊಟ್ಟು ಒಂದು ಸಲ ಅಲುಗುವುದು. "ಇನ್ನೊಂದು ಚಿಟಿಕಿ ಬೇಕು," ಎನ್ನುವಳು. ಲಿಂಗಕ್ಕೆ ಎಡೆಯಾಗುವ ಮೊದಲು ಅಡುಗೆಯನ್ನು ನಾಲಿಗೆಗೆ ಹಚ್ಚುವಂತಿರಲಿಲ್ಲ. ಅದು ನಮ್ಮ ಅತ್ತೆಯ ಕಟ್ಟಳೆ. "ಉಪ್ಪಿಗೆ ವಾಸನಿ ಎಲ್ಲೈತಿ ಯಕ್ಕಾ?" ಎಂದು ನಾನು ಕೇಳಿದ್ದಕ್ಕೆ, "ಉಪ್ಪಿಗಿಲ್ಲ. ಉಪ್ಪು ಬಿದ್ದ ಮ್ಯಾಲೆ ಬ್ಯಾಳಿಗೆ ಐತಿ," ಎಂದಿದ್ದಳು.

ಆಕೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಹೊಸಪೇಟೆಯಿಂದ ಕಂಪ್ಲಿಗೆ ಸೊಸೆಯಾಗಿ ಬಂದಾಗ ನಮ್ಮ ಸೀಮೆಯೆಲ್ಲ ಮದ್ರಾಸಿಗೆ ಸೇರಿತ್ತು. ಗದ್ದೆಯ ಬದುವಿನ ಮೇಲೆ ನಿಂತರೆ ಕಾಣುವ ಹೊಳೆಯಾಚೆಯ ದಡ ಮಾತ್ರ ನಿಜಾಮನದು. ಮನೆಯಲ್ಲಿ ಅತ್ತೆ, ಅವರ ಇಬ್ಬರು ಗಂಡುಮಕ್ಕಳು, ನಾವಿಬ್ಬರು ಸೊಸೆಯರು. ನೆಗೆಣ್ಣಿಗೆ ಮದುವೆಯಾಗಿ ಎಂಟು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ತಾಯಿತಂದೆ ತೀರಿಕೊಂಡಿದ್ದರು. ತವರು ಎಂದು ಹೇಳಿಕೊಳ್ಳಲು ಆಕೆಗೆ ಯಾವ ಮನೆಯೂ ಉಳಿದಿರಲಿಲ್ಲ.

ನನಗೆ ಆಗ ಹದಿನೈದು ವರ್ಷ. ತವರಲ್ಲಿ ನಾನು ಕೊನೆಯ ಮಗಳು, ನನ್ನನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಬಂದ ವಾರದಲ್ಲೇ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ. ಮೊದಲ ತುತ್ತಿಗೇ ಅತ್ತೆ ಕೈ ತಡೆದು ನಮ್ಮಿಬ್ಬರ ಮುಖ ನೋಡಿದರು. ನೆಗೆಣ್ಣಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, "ನಂದ ತಪ್ಪು ಅತ್ತಿ. ಹಾಕೀನಿ ಅನ್ನೋದು ಮರೆತು ಮತ್ತ ಹಾಕೀನಿ," ಎಂದಳು. ಆ ದಿನವೇ ನಾನು ಆಕೆಯ ಕಡೆಯವಳಾದೆ. ತಾಯಿಯ ನೆನಪಾಗಿ ಅಳುವುದನ್ನೂ ಬಿಟ್ಟೆ.

ಆಕೆಯ ನಾಲಿಗೆಗೆ ತನ್ನದೇ ನ್ಯಾಯವಿತ್ತು. ಎಣ್ಣೆಗಾಯಿ ಆಕೆಯಷ್ಟು ಚೆನ್ನಾಗಿ ಮಾಡುವವರು ನಮ್ಮ ಓಣಿಯಲ್ಲಿ ಇರಲಿಲ್ಲ, ಆದರೆ ಬದನೆಕಾಯಿ ಆಕೆಯ ಬಾಯಿಗೆ ಹೋದದ್ದನ್ನು ನಾನು ಕಂಡಿಲ್ಲ. "ತಿಂದ್ರ ಗಂಟಲು ತುರಸ್ತೈತಿ," ಎಂದು ತನ್ನ ಪಾಲನ್ನು ನನ್ನ ತಾಟಿಗೆ ಸರಿಸುತ್ತಿದ್ದಳು. ಸಿಹಿ ಸೇರುತ್ತಿರಲಿಲ್ಲ. ಹುಣಸೆಯ ಚಿಗುರು, ಮಾವಿನ ಮಿಡಿ, ಹುಳಿ ಬಂದ ಮಜ್ಜಿಗೆ ಎಂದರೆ ಮುಖ ಅರಳುತ್ತಿತ್ತು. ತಳ ಹಿಡಿದ ಅನ್ನವನ್ನು ಕೆರೆದು, ಅದಕ್ಕೆ ಶೇಂಗಾ ಹಿಂಡಿ, ಹಸಿ ಎಣ್ಣೆ ಕಲಸಿಕೊಂಡು, ಎಲ್ಲರದೂ ಊಟವಾದ ಮೇಲೆ ಗೋಡೆಗೆ ಒರಗಿ ಕೂತು ತಿನ್ನುವಳು. ಆ ಹೊತ್ತಿನಲ್ಲಿ ಯಾರಾದರೂ ಕರೆದರೆ ಕಿವಿ ಕೇಳಿಸುತ್ತಿರಲಿಲ್ಲ.

ಇದ್ದ ಅಡುಗೆಯನ್ನು ಇದ್ದ ಹಾಗೆ ಮಾಡುವುದು ಆಕೆಗೆ ಬೇಸರ. ಕಲ್ಲಂಗಡಿ ತಿಂದು ಎಮ್ಮೆಗೆ ಹಾಕುವ ಸಿಪ್ಪೆಯ ಬಿಳಿಯ ಭಾಗವನ್ನು ಹೆಚ್ಚಿ, ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿದಳು. ಅದು ಸೋರೆಕಾಯಿ ಎಂದು ನಂಬಿ ಮನೆಮಂದಿ ಎರಡು ಸಲ ಹಾಕಿಸಿಕೊಂಡರು. ಗಾಣದಿಂದ ಬಂದ ಕಬ್ಬಿನ ಹಾಲಿನಲ್ಲೇ ಹೊಸ ಅಕ್ಕಿ ಬೇಯಿಸಿ ಏಲಕ್ಕಿ ಹಾಕಿದಳು. ಕೆಟ್ಟದ್ದೂ ಉಂಟು. ಒಮ್ಮೆ ಹಾಗಲಕಾಯಿ ಹೂರಣದ ಹೋಳಿಗೆ ಮಾಡಿ ನನಗೊಂದು ತಿನ್ನಿಸಿದಳು. ನಾನು ಹಿತ್ತಲಿಗೆ ಓಡಿ ಉಗುಳಿದೆ. ಉಳಿದದ್ದನ್ನು ಎಮ್ಮೆಯ ಮುಂದೆ ಇಟ್ಟರೆ ಅದೂ ಮೂಸಿ ಮುಖ ತಿರುಗಿಸಿತು. ನಾವಿಬ್ಬರೂ ಗೋದಲಿಯ ಹತ್ತಿರ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಅತ್ತಿಗೆ ಹೇಳಬ್ಯಾಡ," ಎಂದಳು. ನಾನು ಏನನ್ನೂ ಹೇಳುತ್ತಿರಲಿಲ್ಲ. ನನ್ನ ಬಾಯಿ ಆಕೆಯ ಗುಟ್ಟಿನ ಪೆಟ್ಟಿಗೆಯಾಗಿತ್ತು.

ಟಮಾಟಿ ಬಂದದ್ದು ನಾನು ಬಂದ ಮೂರನೆಯ ವರ್ಷ. ಹಂಪಿ ನೋಡಲು ಬರುವ ಬಿಳಿಯ ದೊರೆಗಳು ಕಮಲಾಪುರದ ಬಂಗಲೆಯಲ್ಲಿ ಇಳಿಯುತ್ತಿದ್ದರು. ಅವರ ಅಡುಗೆಗೆಂದು ಅಲ್ಲಿಯ ತೋಟದವರು ಅದನ್ನು ಬೆಳೆಯುತ್ತಿದ್ದರಂತೆ. ಕಾಯಿಪಲ್ಯೆ ಮಾರುವ ಒಬ್ಬಾಕೆ ನಮ್ಮ ಸಂತೆಗೆ ಒಂದು ಬುಟ್ಟಿ ತಂದಿದ್ದಳು. ಯಾರೂ ಮುಟ್ಟಲಿಲ್ಲ. ನಮ್ಮ ಅತ್ತೆ ದೂರದಿಂದಲೇ ನೋಡಿ, "ಶಿವ ಶಿವಾ, ಮಾಂಸ ಕೊಯ್ದಿಟ್ಟಂಗ ಐತಿ," ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅತ್ತೆ ಬಳೆಗಾರನ ಕಡೆ ಹೋದಾಗ ನೆಗೆಣ್ಣಿ ಆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದನ್ನು ಎತ್ತಿ ಮೂಸಿದಳು. ಎಂಟು ಹಣ್ಣು ಆಕೆಯ ಉಡಿಯಲ್ಲಿ ಮನೆಗೆ ಬಂದವು.

ಮರುದಿನ ಶ್ರಾವಣ ಸೋಮವಾರ, ಮಠದ ಅಯ್ಯನವರು ಊಟಕ್ಕೆ ಬರುವ ದಿನ. "ಇವತ್ತು ಬ್ಯಾಡ ಯಕ್ಕಾ, ನಾಳೆ ಮಾಡೋಣು," ಎಂದೆ. "ಇವತ್ತ ಮಾಡೋದು. ಹುಣಸಿಹಣ್ಣು ಹಳೇದೈತಿ, ಕಪ್ಪಾಕ್ಕೈತಿ ಸಾರು," ಎಂದು ಆಕೆಯೇ ಐದು ಹಣ್ಣು ಹಿಚುಕಿ, ಸಿಪ್ಪೆ ತೆಗೆದು, ಬೇಳೆಗೆ ಸುರಿದಳು. ಒಗ್ಗರಣೆಯೂ ಆಕೆಯದೇ. ಉಳಿದ ಮೂರನ್ನು ಜೋಳದ ಹರವಿಯೊಳಗೆ ಹುದುಗಿಸಿದಳು. ನಾನು ಮಾಡಿದ್ದು ಒಲೆಗೆ ಕಟ್ಟಿಗೆ ನೂಕಿದ್ದು ಮಾತ್ರ.

ಅಯ್ಯನವರು ಸಾರನ್ನು ಮೂರು ಸಲ ಹಾಕಿಸಿಕೊಂಡರು. "ಹುಳಿ ಭಾಳ ಹದವಾಗೈತಿ ಅವ್ವಾ," ಎಂದರು. ಅತ್ತೆ ಹಿಗ್ಗಿದರು. ಬಾಗಿಲ ಹಿಂದೆ ನಿಂತ ನೆಗೆಣ್ಣಿ ನನ್ನ ಕೈ ಹಿಡಿದು ಒತ್ತಿದಳು. ಆಕೆಯ ಕೈ ಬಿಸಿಯಾಗಿತ್ತು. ಆ ಖುಷಿಯಲ್ಲಿ ನನಗೂ ಪಾಲಿದೆ ಎಂದುಕೊಂಡೆ.

ಮೂರು ದಿನ ಕಳೆದು ಬೀಸುವುದಕ್ಕೆ ಜೋಳ ತೆಗೆಯಲು ಅತ್ತೆ ಹರವಿಯೊಳಗೆ ಕೈ ಹಾಕಿದರು. ಕೊಳೆತ ಹಣ್ಣು ಅವರ ಬೆರಳ ನಡುವೆ ಪಿಚ್ಚೆಂದಿತು. ಹೊರತೆಗೆದ ಕೈ ಕೆಂಪಾಗಿತ್ತು. ಏನೋ ಕಚ್ಚಿತೆಂದು ಕೂಗಿಕೊಂಡರು. ಆಮೇಲೆ ಟಮಾಟಿ ಎಂದು ಗೊತ್ತಾಯಿತು. ಸೋಮವಾರದ ಸಾರಿನ ಬಣ್ಣ ಅವರಿಗೆ ನೆನಪಿತ್ತು. ಅವರು ಬೈಯಲಿಲ್ಲ. ಅಲ್ಲೇ ಹರವಿಯ ಪಕ್ಕ ಕುಸಿದು ಕೂತು ಅಳತೊಡಗಿದರು. "ಲಿಂಗಕ್ಕ ಎಡಿ ಆತು. ಅಯ್ಯನವರಿಗೆ ಉಣಿಸಿದೆ. ಯಾರು ಮಾಡಿದ್ರಿ ಇದನ್ನ?"

ನಾನು ನೆಗೆಣ್ಣಿಯ ಕಡೆ ನೋಡಿದೆ. ನಾವಿಬ್ಬರೂ ಮಾಡಿದ್ದೇವೆ ಎನ್ನುತ್ತಾಳೆ, ಇಬ್ಬರೂ ಬೈಸಿಕೊಳ್ಳೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆಕೆ ನೆಲ ನೋಡುತ್ತಾ ಹೇಳಿದಳು: "ನಾ ರೊಟ್ಟಿ ಬಡಿಯಾಕತ್ತಿದ್ನಿ ಅತ್ತಿ. ಸಾರು ತಂಗಿ ಮಾಡ್ಯಾಳ. ಹೊಸಪೇಟ್ಯಾಗ ಇದನ್ನೆಲ್ಲ ತಿಂತಾರಂತ."

ಸ್ವರದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಉಪ್ಪಿನ ತಪ್ಪು ತನ್ನದೆಂದು ಹೇಳಿದ ಅದೇ ದನಿ.

"ಹೌದೇನ?" ಎಂದು ಅತ್ತೆ ನನ್ನನ್ನು ಕೇಳಿದರು. ನನ್ನ ಬಾಯಿ ತೆರೆಯಲಿಲ್ಲ. ಒಪ್ಪಿಕೊಂಡೆ ಎಂದೇ ಅವರು ತಿಳಿದರು.

ಮರುದಿನ ಅತ್ತೆಯ ಮಾತಿನಂತೆ ನನ್ನ ಗಂಡ ಗಾಡಿ ಕಟ್ಟಿಸಿ ನನ್ನನ್ನು ಹೊಸಪೇಟೆಗೆ ಕರೆದುಕೊಂಡು ಹೊರಟರು. ಊರು ದಾಟಿದ ಮೇಲೆ, "ಖರೇ ಹೇಳು, ನೀನ ಮಾಡಿದ್ಯಾ?" ಎಂದು ಕೇಳಿದರು. ನಾನು "ಹೂಂ" ಎಂದೆ. ನೆಗೆಣ್ಣಿ ಹೆದರಿದ್ದಾಳೆ, ಎರಡು ದಿನದಲ್ಲಿ ತಾನೇ ಅತ್ತೆಗೆ ನಿಜ ಹೇಳುತ್ತಾಳೆ ಎಂದು ನಂಬಿದ್ದೆ. ದಸರೆಗೆ ಕರೆ ಬರುತ್ತದೆ ಎಂದು ಕಾದೆ. ದೀಪಾವಳಿಗೆ ಕಾದೆ. ನೆರೆಮನೆಯವರು ನನ್ನ ತಾಯಿಯನ್ನು ಮಗಳು ಯಾಕೆ ಇನ್ನೂ ಇಲ್ಲೇ ಇದ್ದಾಳೆ ಎಂದು ಕೇಳುವಾಗ ನಾನು ಒಳಕೋಣೆಯಲ್ಲಿ ಇರುತ್ತಿದ್ದೆ. ಯುಗಾದಿಗೆ ಗಂಡ ಬಂದು ಕರೆದೊಯ್ದರು.

ನಾನು ಒಳಗೆ ಕಾಲಿಟ್ಟಾಗ ನೆಗೆಣ್ಣಿ ಒಲೆಯ ಮುಂದಿದ್ದಳು. ತಲೆಯೆತ್ತಿ, "ಬಂದ್ಯಾ? ಕಾಲು ತೊಳಕೊಂಡು ಬಾ, ಬ್ಯಾಳಿ ಆರಿಸೋದೈತಿ," ಎಂದಳು. ಅಷ್ಟೇ. ಆ ಮಾತಿನ ಹಿಂದೆ ಇನ್ನೊಂದು ಮಾತು ಬರುತ್ತದೆಂದು ನಾನು ಆರಿಸುತ್ತಾ ಕೂತೆ. ಬರಲಿಲ್ಲ. ಇನ್ನೊಂದು ವರ್ಷ ನನ್ನ ಕೈಯ ಅಡುಗೆ ಲಿಂಗಕ್ಕೆ ಸಲ್ಲದೆಂದು ಅತ್ತೆ ನನಗೆ ಒಲೆ ಮುಟ್ಟಲು ಬಿಡಲಿಲ್ಲ. ನಾನು ಬೀಸುವುದು, ಕುಟ್ಟುವುದು, ಹೆಚ್ಚುವುದು ಮಾಡಿದೆ. ಎದುರಿಗೆ ಕೂತು ಆಕೆ ಮಾಡುವುದನ್ನೆಲ್ಲ ನೋಡಿದೆ. ನಿಜ ಹೇಳಬೇಕೆಂದರೆ ನಾನು ಅಡುಗೆಯನ್ನು ಸರಿಯಾಗಿ ಕಲಿತದ್ದು ಆ ವರ್ಷವೇ, ಮಾತಿಲ್ಲದೆ.

ವರ್ಷಗಳು ಹೋದವು. ನನಗೆ ಮಕ್ಕಳಾದರು. ಅತ್ತೆ ಲಿಂಗೈಕ್ಯರಾದರು. ಟಮಾಟಿ ಊರೆಲ್ಲ ಆಯಿತು, ಅಯ್ಯನವರ ಮಠದ ಅಡುಗೆಗೂ ಹೋಯಿತು. ಒಂದು ದಿನ ಸಂಡೂರಿನಿಂದ ಬೀಗರು ಬಂದಿದ್ದರು. ಸಾರು ಹೊಗಳಿದರು. ಆಗ ನೆಗೆಣ್ಣಿ ಸೌಟು ಹಿಡಿದೇ ನಗುತ್ತಾ, "ಈ ಊರಾಗ ಲಿಂಗವಂತರ ಮನಿಗೆ ಮೊದಲು ಟಮಾಟಿ ತಂದಾಕಿ ನಾನ ನೋಡ್ರಿ. ಅಯ್ಯನವರಿಗೇ ಉಣಿಸೀನಿ," ಎಂದಳು. ಎಲ್ಲರೂ ನಕ್ಕರು. ನಾನು ಕೈಯಲ್ಲಿದ್ದ ಅನ್ನದ ಬುಟ್ಟಿಯನ್ನು ಕೆಳಗಿಟ್ಟು ಹಿತ್ತಲಿಗೆ ಹೋದೆ.

ಆಕೆ ಹಿಂದೆಯೇ ಬಂದಳು. "ಬೀಗರು ಕುಂತಾರ, ನೀ ಯಾಕ ಎದ್ದು ಬಂದಿ?"

"ಮೊದಲು ತಂದಾಕಿ ನೀನ ಏನು ಯಕ್ಕಾ?"

"ಅಲ್ಲೇನು ಮತ್ತ?"

"ತಂದಾಕಿ ನೀನ. ಏಳು ತಿಂಗಳು ತವರಾಗ ಕುಂತಾಕಿ ನಾನು."

ಆಕೆ ಬಾವಿಕಟ್ಟೆಯ ಮೇಲೆ ಕೂತಳು. ಅಲ್ಲಿಂದಲೇ ಹೇಳಿದಳು: "ಅವತ್ತಿಗೆ ಎಂಟು ದಿನದ ಹಿಂದ ಅತ್ತಿ ಎಮ್ಮಿಗನೂರಿಗೆ ಹೋಗಿ ನಿಮ್ಮ ಭಾವಗ ಇನ್ನೊಂದು ಹೆಣ್ಣು ನೋಡಿಕೊಂಡು ಬಂದಿದ್ರು. ಒಂದು ನೆವ ಸಾಕಾಗಿತ್ತು ಅವರಿಗೆ. ನಿನಗ ಹೋಗಾಕ ಹೊಸಪೇಟಿ ಇತ್ತು. ನಾ ಎಲ್ಲಿಗೆ ಹೋಗಲಿ?"

ಈ ಸಂಗತಿ ನನಗೆ ಗೊತ್ತಿರಲಿಲ್ಲ. ಎದೆಯಲ್ಲಿ ಏನೋ ಸಡಿಲವಾಯಿತು. "ನನಗ ಮೊದಲ ಹೇಳಬೇಕಿತ್ತು ಯಕ್ಕಾ. ನಾನ ಒಪ್ಪಿಕೊಂತಿದ್ದೆ."

"ಒಪ್ಪಿಕೊಂತಿ ಅನ್ನೋದು ನನಗ ಗೊತ್ತಿತ್ತಲ್ಲ. ಅದಕ್ಕ ನಿನ್ನ ಹೆಸರು ಹೇಳಿದೆ," ಎಂದಳು.

ಸಡಿಲವಾದದ್ದು ಮತ್ತೆ ಬಿಗಿಯಿತು. ನಾನು ಆಕೆಯನ್ನು ಎಷ್ಟು ಹಚ್ಚಿಕೊಂಡಿದ್ದೆ ಎಂಬುದನ್ನು ಆಕೆ ಆ ಗಳಿಗೆಯಲ್ಲಿ ಅಳೆದು ನೋಡಿದ್ದಳು, ಅಳತೆ ಸರಿಯಾಗಿತ್ತು. ಬಾಯಿಗೆ ಬಂದದ್ದನ್ನು ಕೇಳಿದೆ: "ಆತು, ಬೈಗುಳ ನನಗ ಕೊಟ್ಟಿ. ಈಗ ಹೊಗಳಿಕಿ ಯಾಕ ನೀನ ಇಟ್ಟುಕೊಂಡಿ?"

"ನಿನಗ ಮಕ್ಕಳದಾವ, ನಿನ್ನ ಹೆಸರು ಹೇಳತಾವ. ನಂದು ಈ ಮನ್ಯಾಗ ಬ್ಯಾರೆ ಏನೈತಿ ಹೇಳು?" ಎಂದು ಎದ್ದು ಸೆರಗು ಕೊಡವಿ ಬೀಗರಿಗೆ ಬಡಿಸಲು ಹೋದಳು. ತಪ್ಪಾಯಿತು ಎನ್ನಲಿಲ್ಲ. ಆ ಕತೆ ಹೇಳುವುದನ್ನೂ ಬಿಡಲಿಲ್ಲ.

ಹೊಳೆಗೆ ಅಣೆಕಟ್ಟಿನ ಕೆಲಸ ಶುರುವಾದಾಗ ನನ್ನ ಗಂಡನಿಗೆ ಅಲ್ಲಿ ಕೆಲಸ ಸಿಕ್ಕಿ ನಾವು ಹೊಸಪೇಟೆಗೆ ಬಂದೆವು. ಹಬ್ಬಕ್ಕೆ ಹೋಗಿ ಬರುತ್ತಿದ್ದೆ. ಆಕೆ ಈಗ ಓಣಿಯ ಸೊಸೆಯರಿಗೆಲ್ಲ ಅಡುಗೆ ಹೇಳಿಕೊಡುತ್ತಿದ್ದಳು. ಅವರ ಬಾಯಲ್ಲಿ ಆಕೆ ದೊಡ್ಡವ್ವ. ನನ್ನ ಜೊತೆ ಬೇಳೆಯ ಮಾತು, ಎಣ್ಣೆಯ ಮಾತು ಆಡುತ್ತಿದ್ದಳು. ನಾನೂ ಅಷ್ಟನ್ನೇ ಆಡುತ್ತಿದ್ದೆ.

ಆಕೆ ತೀರಿಕೊಂಡ ಸುದ್ದಿ ಬಂದಾಗ ಮೊದಲ ಬಸ್ಸಿಗೆ ಹೋದೆ. ಮಣ್ಣು ಮಾಡಿ ಗಂಡಸರು ತಿರುಗಿ ಬರುವವರೆಗೆ ಹೆಂಗಸರು ಪಡಸಾಲೆಯಲ್ಲಿ ಕೂತಿದ್ದೆವು. ಆಕೆಯ ಕೈರುಚಿಯ ಮಾತು ಬಂತು. ನಾನೂ ಹೇಳಿದೆ: ನನಗೆ ಬರುವ ಅಡುಗೆಯೆಲ್ಲ ಆಕೆಯದು, ನನ್ನ ಮಕ್ಕಳು ಉಂಡದ್ದು ಆಕೆ ಕಲಿಸಿದ್ದನ್ನೇ. ಅದರಲ್ಲಿ ಸುಳ್ಳಿಲ್ಲ.

ಓಣಿಯ ಒಬ್ಬ ಸೊಸೆ ಕಣ್ಣೊರೆಸಿಕೊಂಡು ಕೇಳಿದಳು: "ಚಿಗವ್ವಾರ, ಅಯ್ಯನವರಿಗೆ ಟಮಾಟಿ ಉಣಿಸಿದ್ದು ಖರೇನೇನ್ರಿ?"

"ಖರೇ."

"ನಿಮ್ಮ ಅತ್ತ್ಯಾರ ಕೈಗೆ ಸಿಗಲಿಲ್ಲೇನ್ರಿ?"

"ಸಿಕ್ತು."

"ಮತ್ತ ದೊಡ್ಡವ್ವ ಏನಂದ್ರು?"

ಅಷ್ಟು ವರ್ಷ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. "ನನ್ನ ಹೆಸರು ಹೇಳಿದ್ಲು," ಎಂದೆ.

ಅವರೆಲ್ಲ ನಕ್ಕರು. ಸಾವಿನ ಮನೆಯೆಂದು ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ನಕ್ಕರು. "ನಮ್ಮ ದೊಡ್ಡವ್ವ ಹಂಗ ನೋಡ್ರಿ," ಎಂದು ಒಬ್ಬಳು ಅಂದಳು. ಅವರು ನಗುತ್ತಿರುವಾಗಲೇ ನಾನು ಎದ್ದು, ಸುಡುಗಾಡಿನಿಂದ ಬರುವವರಿಗೆ ಬೇಕಾಗುತ್ತದೆಂದು, ಒಲೆ ಹಚ್ಚಿ ನೀರಿಟ್ಟೆ.