ಬೆನ್ನಿಗೆ ಎರಡು ಸಲ ತಟ್ಟಿದ ಕೈ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತೆತ್ತಿದರೆ ಅವರ ಬಾಯಿ ಮುಚ್ಚಿಸುವವರೆಗೆ ನನಗೆ ಸಮಾಧಾನವಿರುತ್ತಿರಲಿಲ್ಲ. ಮೇಷ್ಟರ ಕೆಲಸ ನನ್ನದು. ಶಾಲೆಯ ಹಿಂದಿನ ಹುಣಸೆಮರದಲ್ಲಿ ಏನೂ ಇಲ್ಲವೆಂದು ಮಕ್ಕಳಿಗೆ ತೋರಿಸಲು ಒಂದು ಅಮಾವಾಸ್ಯೆ ನಾನೇ ಅದರ ಕೆಳಗೆ ಚಾಪೆ ಹಾಸಿ ಮಲಗಿದ್ದೆ. ಆ ಜಂಬ ಈಗ ಇಲ್ಲ. ದೆವ್ವವನ್ನು ನಂಬುತ್ತೇನೆ ಎಂದು ಈಗಲೂ ಹೇಳಲಾರೆ. ಆದರೆ ಹೊಳಲ್ಕೆರೆಯಿಂದ ಹೊಸದುರ್ಗದವರೆಗೆ ಒಂದು ರಾತ್ರಿ ನನ್ನ ಹಿಂದೆ ಕುಳಿತು ಬಂದವರು ಯಾರು ಎಂದು ನೀವು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಬಿಟ್ಟು ಬರೆದರೆ ಬರೆದು ಏನು ಬಂತು?

ಆಗ ನಾನು ಚಿತ್ರದುರ್ಗದಲ್ಲಿದ್ದೆ. ದುರ್ಗಕ್ಕೆ ಇನ್ನೂ ರೈಲು ಬಂದಿರಲಿಲ್ಲ. ಹೆಂಡತಿಯ ತವರು ಹೊಸದುರ್ಗ. ಪುಷ್ಯ ಮಾಸದಲ್ಲಿ ಅವಳ ಅಣ್ಣನಿಂದ ಶಾಲೆಯ ವಿಳಾಸಕ್ಕೆ ಒಂದು ಕಾಗದ ಬಂತು. ಅವ್ವನಿಗೆ ಕಾಯಿಲೆ ಜೋರಾಗಿದೆ, ಮಗಳನ್ನು ಕೇಳುತ್ತಿದ್ದಾಳೆ, ಕೂಡಲೇ ಕರೆದುಕೊಂಡು ಬನ್ನಿ ಎಂದಿತ್ತು. ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬರುವ ವಾರ ಅದು. ನನ್ನ ಕೆಲಸ ಕಾಯಂ ಆಗುವುದು ಅವರ ಒಂದು ಮಾತಿನ ಮೇಲಿತ್ತು. ಮುದುಕಿಗೆ ಹಿಂದೆಯೂ ಎರಡು ಸಲ ಹೀಗೆ ಜೋರಾಗಿ ವಾಸಿಯಾಗಿತ್ತು. ನಾನು ಕಾಗದವನ್ನು ಮಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡೆ. ಹೆಂಡತಿಗೆ ಓದು ಬರುತ್ತಿರಲಿಲ್ಲ. ಕೇಳುವ ಪ್ರಮೇಯವೂ ಇರಲಿಲ್ಲ.

ಎಂಟು ದಿನ ಆ ಕಾಗದ ಜೇಬಿನಲ್ಲೇ ಇತ್ತು. ಸಾಹೇಬರು ಬಂದರು, ಮೆಚ್ಚಿದರು, ಹೋದರು. ಆ ಸಂಜೆ ಮನೆಗೆ ಹೋಗಿ, ಈಗ ತಾನೇ ಬಂದ ಕಾಗದವೆಂಬಂತೆ ಸುದ್ದಿ ಹೇಳಿದೆ. ಅವಳು ಒಲೆಯ ಮುಂದಿನಿಂದ ಎದ್ದವಳು ಮತ್ತೆ ಕೂರಲಿಲ್ಲ. ಗಾಡಿ ಹೂಡಿಸಿದರೆ ಮಾರನೆಯ ಸಂಜೆಯ ಮಾತು. ಹಿರಿಯೂರು ಕಾಲುವೆ ಕೆಲಸದ ಓವರ್‌ಸಿಯರ್ ಒಬ್ಬರು ನನಗೆ ಸ್ನೇಹಿತರು. ಅವರ ಸೈಕಲ್ಲನ್ನು ಕೇಳಿ ತಂದೆ. ಹಿಂದೆ ಕ್ಯಾರಿಯರ್ ಇತ್ತು, ಮುಂದೆ ಎಣ್ಣೆ ದೀಪ.

ಗಂಡನ ಹಿಂದೆ ಸೈಕಲ್ಲಿನ ಮೇಲೆ ಹೆಣ್ಣುಮಗಳು ಕೂರುವುದೆಂದರೆ ಆಗ ಊರಿಗೆಲ್ಲ ನಗೆಪಾಟಲು. ಅದಕ್ಕೇ ಕತ್ತಲಾದ ಮೇಲೆ ಹೊರಟೆವು. ಆದರೂ ಊರು ಹತ್ತಿರವಾದಾಗಲೆಲ್ಲ ಅವಳನ್ನು ಇಳಿಸುತ್ತಿದ್ದೆ. ನಾನು ಸೈಕಲ್ ತಳ್ಳಿಕೊಂಡು ಮುಂದೆ, ಅವಳು ತಲೆತುಂಬ ಸೆರಗು ಹೊದ್ದು ಇಪ್ಪತ್ತು ಮಾರು ಹಿಂದೆ. ಊರು ದಾಟಿದ ಮೇಲೆ ನಾನು ಒಂದು ಕಾಲು ನೆಲಕ್ಕೂರಿ ನಿಲ್ಲುವುದು, ಅವಳು ಬಂದು ಕೂತು ನನ್ನ ಬೆನ್ನಿಗೆ ಎರಡು ಸಲ ತಟ್ಟುವುದು, ನಾನು ತುಳಿಯುವುದು. ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ದಾರಿಯಲ್ಲಿ ಹೆಂಡತಿ ಬಂದಳೇ ಎಂದು ತಿರುಗಿ ನೋಡುವುದೂ ಗಂಡಸಿಗೆ ಒಪ್ಪುವ ಮಾತಲ್ಲ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಚಳಿ ಕಿವಿ ಕೊಯ್ಯುತ್ತಿತ್ತು. ಹೊಳಲ್ಕೆರೆಯವರೆಗೂ ಅವಳು ಅವ್ವನ ವಿಷಯ ಮಾತಾಡುತ್ತಲೇ ಬಂದಳು. ಊರು ಕಾಣುವಾಗ ಒಂದು ಮಾತು ಕೇಳಿದಳು.

"ಅಣ್ಣ ಯಾವತ್ತು ಬರ್ದಿದ್ದಂತ್ರೀ ಕಾಗ್ದ?"

"ಇಳಿ, ಊರು ಬಂತು" ಎಂದೆ.

ಹೊಳಲ್ಕೆರೆಯ ಬೀದಿ ಉದ್ದ. ನಾಯಿಗಳು ಬೊಗಳಿದವು. ಕೊನೆಯ ಮನೆ ದಾಟಿ ನಿಂತೆ. ಕ್ಯಾರಿಯರ್ ಮೇಲೆ ಭಾರ ಬಿತ್ತು, ಬೆನ್ನಿಗೆ ಎರಡು ತಟ್ಟು ಬಿತ್ತು, ನಾನು ತುಳಿದೆ.

ನಡುರಾತ್ರಿ ಕಳೆದಿದ್ದರಿಂದ ಮುಂದಿನ ಸಣ್ಣ ಊರುಗಳಲ್ಲಿ ಅವಳನ್ನು ಇಳಿಸಲಿಲ್ಲ. ಅಲ್ಲಿಂದ ಮುಂದೆ ಅವಳು ಮಾತಾಡಲಿಲ್ಲ. ನಾನು ಉತ್ತರ ಹೇಳದಿದ್ದಾಗಲೇ ಎಲ್ಲ ಗೊತ್ತಾಗಿದೆ, ಮುನಿಸಿಕೊಂಡಿದ್ದಾಳೆ ಅಂದುಕೊಂಡೆ. ಒಂದೆರಡು ಹರದಾರಿ ಹೋದ ಮೇಲೆ ದಾರಿಯ ಪಕ್ಕ ಕುರಿಮಂದೆ ಇತ್ತು. ಕಂಬಳಿ ಹೊದ್ದ ಮುದುಕನೊಬ್ಬ ಬೆಂಕಿಯ ಮುಂದಿನಿಂದ ಎದ್ದು ಬಂದ.

"ಏನ್ರಪ್ಪ, ಈ ಚಳೀಲಿ ಹೆಣ್ಮಗಳನ್ನ ಹಿಂಗೆ ಕುಂದ್ರಿಸ್ಕಂಡು ಹೊಂಟೀರಿ? ಪಾಪ, ನಡುಗ್ತಾ ಐದಾಳೆ. ಇಳಿಸ್ರಿ, ಒಂದೀಟು ಬೆಂಕಿ ಕಾಯ್ಸ್ಕಳ್ಳಿ."

ನಿಂತಿದ್ದರೆ ನನಗೆ ಅಲ್ಲೇ ತಿಳಿಯುತ್ತಿತ್ತು. ಆದರೆ ನೋಡಿಬಿಟ್ಟನಲ್ಲ ಎಂಬ ನಾಚಿಕೆಗೆ ಇನ್ನಷ್ಟು ಜೋರಾಗಿ ತುಳಿದೆ.

ಆಮೇಲೆ ಇಳಿಜಾರು ಬಂತು. ಕತ್ತಲೆಗೋ, ಮುಖ ಕಾಣದ್ದಕ್ಕೋ ನನಗೆ ಧೈರ್ಯ ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಕಾಗದ ಬಂದು ಎಂಟು ದಿನವಾಯಿತು, ಸಾಹೇಬರಿಗೆ ಹೆದರಿ ಮುಚ್ಚಿಟ್ಟೆ, ನಿನ್ನ ಅವ್ವನಿಗೆ ಏನಾದರೂ ಆದರೆ ಆ ಪಾಪ ನನ್ನದು, ನನ್ನನ್ನು ಕ್ಷಮಿಸಬೇಕು ಎಂದೆ. ಯಾರ ಮುಂದೆಯೂ ಅತ್ತವನಲ್ಲ. ಆಗ ಅತ್ತುಬಿಟ್ಟೆ. ಆಮೇಲೆ ಬೆನ್ನ ಮೇಲೆ ಮೆತ್ತಗೆ, ಎರಡು ಸಲ, ಕೈ ತಟ್ಟಿತು.

ಆಗ ಆದ ಹಗುರವನ್ನು ಹೇಗೆ ಹೇಳಲಿ? ಕಾಲು ನೋವೇ ಮರೆತುಹೋಯಿತು.

ಹೊಸದುರ್ಗದ ಕೆರೆ ಏರಿಯ ಹತ್ತಿರ ಬೆಳ್ಳಗಾಯಿತು. "ಇಳಿ, ಊರು ಬಂತು" ಎಂದೆ. ಯಾರೂ ಇಳಿಯಲಿಲ್ಲ. ತಿರುಗಿ ನೋಡಿದೆ. ಕ್ಯಾರಿಯರ್ ಖಾಲಿ ಇತ್ತು. ಅದರ ಮೇಲೆ ಕೈಯಿಟ್ಟು ನೋಡಿದೆ. ಮಂಜು ಬಿದ್ದು ತಣ್ಣಗಾಗಿತ್ತು.

ಎಲ್ಲಿ ಬಿದ್ದಳೋ ಎಂದು ಹುಚ್ಚನ ಹಾಗೆ ಬಂದ ದಾರಿಯಲ್ಲೇ ತುಳಿದೆ. ಕುರಿಮಂದೆಯ ಮುದುಕ ಸಿಕ್ಕಿದ. "ಅಮ್ಮಾರನ್ನ ಎಲ್ಲಿ ಇಳಿಸಿ ಬಂದ್ರಿ?" ಎಂದು ಅವನೇ ಕೇಳಿದ. ಇನ್ನೂ ಮುಂದೆ ವರ್ತಕರೊಬ್ಬರ ಎತ್ತಿನ ಗಾಡಿ ಎದುರಾಯಿತು. ಅದರಲ್ಲಿ ನನ್ನ ಹೆಂಡತಿ ಕೂತಿದ್ದಳು.

ಹೊಳಲ್ಕೆರೆಯ ಬೀದಿಯಲ್ಲಿ ಅವಳ ಕಾಲಿಗೆ ಜಾಲಿಮುಳ್ಳು ಮುರಿದಿತ್ತು. ಕೂತು ಕೀಳುವಷ್ಟರಲ್ಲಿ ನಾನು ಹೊರಟಿದ್ದೆ. "ಕೂಗೇ ಕೂಗಿದ್ನಲ್ರೀ, ನೀವು ತಿರುಗೇ ನೋಡ್ಲಿಲ್ಲ" ಎಂದಳು. ಗುಡಿಯ ಜಗಲಿಯ ಮೇಲೆ ಚಳಿಯಲ್ಲಿ ಒಬ್ಬಳೇ ಕೂತು, ನಸುಕಿನಲ್ಲಿ ಗಾಡಿ ಹತ್ತಿದ್ದಳು.

ಅವಳನ್ನು ಸೈಕಲ್ಲಿಗೆ ಕೂರಿಸಿಕೊಂಡೆ. ಹಾಡುಹಗಲು, ದಾರಿಯಲ್ಲಿ ಊರುಗಳು, ಹೊಲಕ್ಕೆ ಹೊರಟ ಜನ. ಯಾವ ಊರಲ್ಲೂ ಇಳಿಸಲಿಲ್ಲ. ಯಾರೂ ನಗಲಿಲ್ಲ. ಈ ಕೆಲಸವನ್ನು ಎಂಟು ದಿನ ಮುಂಚೆಯೇ ಮಾಡಬಹುದಾಗಿತ್ತು.

ಮನೆ ಮುಂದೆ ಜನ ಸೇರಿದ್ದರು. ಬಿಸಿಲೇರುವಷ್ಟರಲ್ಲಿ ಮುದುಕಿ ಹೋಗಿಬಿಟ್ಟಿದ್ದಳು. "ಬೆಳಗಿನ ತಂಕ ಬಾಗ್ಲು ಕಡೀಗೇ ನೋಡ್ತಿದ್ಲು ಕಣವ್ವ" ಎಂದು ಅಣ್ಣ ತಂಗಿಯನ್ನು ಹಿಡಿದುಕೊಂಡು ಅತ್ತ. ಆಮೇಲೆ ನನ್ನ ಕಡೆ ತಿರುಗಿ, "ಕಾಗ್ದ ಯಾವಾಗ ಮುಟ್ತು ಮೇಷ್ಟ್ರೇ?" ಎಂದ. ಅವಳು ಪಕ್ಕದಲ್ಲೇ ಇದ್ದಳು. ನಾನು "ನಿನ್ನೆ" ಎಂದೆ.

ಕತ್ತಲೆಯಲ್ಲಿ ಅಷ್ಟು ಸಲೀಸಾಗಿ ಬಂದ ಮಾತು ಬೆಳಕಿನಲ್ಲಿ ಬರಲಿಲ್ಲ. ನಾಳೆ ಹೇಳೋಣ, ಹಬ್ಬ ಕಳೆಯಲಿ, ವರ್ಷ ತುಂಬಲಿ ಎಂದು ಮುಂದೂಡುತ್ತಲೇ ಬಂದೆ. ಮೂವತ್ತು ವರ್ಷ ಸಂಸಾರ ಮಾಡಿದೆವು. ಪ್ರತಿ ವರ್ಷ ಅವ್ವನ ತಿಥಿಯ ದಿನ ಅವಳು ಅಂಗಾಲು ಸವರಿಕೊಂಡು, "ಈ ಮುಳ್ಳೊಂದು ಮುರೀದಿದ್ರೆ ಅವ್ವನ ಮುಖ ನೋಡ್ತಿದ್ದೆ" ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹೂಂ ಎನ್ನುತ್ತಿದ್ದೆ. ಹೋದ ವರ್ಷ ಅವಳೂ ಹೋದಳು, ಕೊನೆಗೂ ಆ ಮುಳ್ಳನ್ನೇ ಬೈಯುತ್ತ.

ಆ ರಾತ್ರಿ ನನ್ನ ತಪ್ಪನ್ನು ಕೇಳಿಸಿಕೊಂಡವರು ಯಾರೋ, ಬೆನ್ನು ತಟ್ಟಿದ ಕೈ ಯಾರದೋ, ನನಗೆ ಇವತ್ತಿಗೂ ತಿಳಿಯದು. ಅವಳಂತೂ ಕೇಳಿಸಿಕೊಳ್ಳಲಿಲ್ಲ.