ಮೆಕ್ಸಿಕೋ, ವಯಾ ಸಿಂದಗಿ

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಶ್ರೀಶೈಲಪ್ಪ ಮಸೂತಿಯವರು ಇಂಡಿ ಊರಿನ ವಕೀಲ ವಿಠ್ಠಲರಾಯರನ್ನು, ಅವರ ಹೆಂಡತಿ ಮುಕ್ತಾಳನ್ನು, ತಾಯಿ ಇಂದೂಬಾಯಿಯವರನ್ನು ಬಸವನ ಬಾಗೇವಾಡಿ ಬಸ್ಸಿಗೆ ಹತ್ತಿಸಿದರು. ಚೀಲ ಎಣಿಸಿದರು. ಮುದುಕಿಗೆ ಕಾಲು ಚಾಚಲು ಜಾಗವಿದೆಯೇ ನೋಡಿದರು. ತಮ್ಮ ಸೀಟಿಗೆ ಟವೆಲ್ ಹಾಕಿದರು. ಆಮೇಲೆ ಹಿಂದಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಲು ಕೆಳಗಿಳಿದವರು, ಮೂವತ್ನಾಲ್ಕು ವರ್ಷಗಳ ರೂಢಿಯಂತೆ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದು, ಬಸ್ಸಿನ ಬೆನ್ನಿಗೆ ಬಡಿದು, "ರೈಟ್, ರೈಟ್!" ಎಂದುಬಿಟ್ಟರು.

ಬಸ್ಸು ಹೊರಟಿತು. ಸೀಟಿ ಹೊಡೆದು ಸೀಟು ಕಳೆದುಕೊಂಡವರು ಧೂಳಿನಲ್ಲಿ ಕೈ ಎತ್ತಿಕೊಂಡೇ ನಿಂತಿದ್ದರು.

ಮುಕ್ತಾ ಕಿಟಕಿಯಿಂದ ಕೂಗಿದ್ದಕ್ಕೆ ಡ್ರೈವರ್ ಬೀರಣ್ಣ ಗೇಟಿನ ಹತ್ತಿರ ಬ್ರೇಕ್ ಹಾಕಿದ. ಏದುಸಿರು ಬಿಡುತ್ತ ಓಡಿಬಂದವರನ್ನು ನೋಡಿ, "ಸಾಹೇಬ್ರ, ರಿಟೈರ್ ಆಗಿ ಎರಡ ವರ್ಷ ಆತು. ಇನ್ನರ ಬಸ್ಸಿನ ಒಳಗ ಕುಂಡ್ರೂದು ಕಲೀರಿ!" ಎಂದ. ಇಡೀ ಬಸ್ಸು ನಕ್ಕಿತು.

"ಮೆಕ್ಸಿಕೋದಾಗ ಹಿಂಗ ಆದ್ರ ಏನ ಗತಿ, ಕಾಕಾ?" ಎಂದಳು ಮುಕ್ತಾ.

"ಮೆಕ್ಸಿಕೋಕ್ಕ ನಾ ಎಲ್ಲಿ ಬರ್ತೇನ್ರಿ ಬಾಯಾರ. ಹೋಗವ್ರು ನೀವು."

ಮಾತು ಸುಳ್ಳಲ್ಲ. ಅಂದಿನ ಪ್ರಯಾಣ ಮೆಕ್ಸಿಕೋದ ತಾಲೀಮು.

ಶ್ರೀಶೈಲಪ್ಪ ಹನ್ನೊಂದು ವರ್ಷ ಕಂಡಕ್ಟರ್, ಇಪ್ಪತ್ಮೂರು ವರ್ಷ ಸಿಂದಗಿ ಸ್ಟ್ಯಾಂಡಿನ ಕಂಟ್ರೋಲರ್. ಮುದ್ದೇಬಿಹಾಳದಿಂದ ಇಂಡಿಯವರೆಗೆ ಯಾವ ಬಸ್ಸು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಯಾವುದರ ಮೆಟ್ಟಿಲು ಮುರಿದಿದೆ, ಎಲ್ಲವೂ ಬಾಯಿಪಾಠ. ದೇವರ ಹಿಪ್ಪರಗಿಯ ಸಂತೆಯ ದಿನ ಬುಟ್ಟಿ ಹೊತ್ತ ಮುದುಕಿ ಓಡಿಬರುವುದು ಕಂಡರೆ ಮಾತ್ರ ಅವರ ಗಡಿಯಾರ ಎರಡು ನಿಮಿಷ ಹಿಂದೆ ಬೀಳುತ್ತಿತ್ತು. ಈಗಲೂ ಶಿರಡಿಗೆ ಹೋಗುವವರು, ಪಂಢರಪುರಕ್ಕೆ ಹೋಗುವವರು ಮೊದಲು ಅವರ ಮನೆಯ ಕಟ್ಟೆಗೆ ಬಂದು ಎಲ್ಲಿ ಇಳಿದು ಎಲ್ಲಿ ಹತ್ತಬೇಕೆಂದು ಕೇಳಿಕೊಂಡೇ ಹೋಗುತ್ತಾರೆ. ಮೆಕ್ಸಿಕೋ ಕೇಳಿಕೊಂಡು ಬಂದವರು ಮಾತ್ರ ಇದೇ ಮೊದಲು.

ಅದು ಮುಕ್ತಾಳ ಹಟ. ಇಂಡಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಇತಿಹಾಸ ಹೇಳಿದವಳು ಅವಳು. ಮಾಯಾ ಜನರು ಕಟ್ಟಿದ ಪಿರಮಿಡ್ಡನ್ನು ಅಂಗೈಯಗಲದ ಒಂದು ಮಬ್ಬು ಚಿತ್ರದಲ್ಲಿ ಮಕ್ಕಳಿಗೆ ತೋರಿಸುತ್ತ ಬಂದಿದ್ದಳು. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಏನು ಬೇಕೆಂದು ಗಂಡ ಕೇಳಿದಾಗ ಹೇಳಿಯೇಬಿಟ್ಟಳು. ವಿಠ್ಠಲರಾಯರು ಅಲ್ಲಿ ಸಮುದ್ರವೂ ಇದೆಯೆಂದು ಒಪ್ಪಿದರು. ಇಂದೂಬಾಯಿ, "ಕಾಶಿ ಆತು, ರಾಮೇಶ್ವರ ಆತು, ಇನ್ನೇನ ಉಳದದ? ದೊಡ್ಡ ಪ್ಯಾಟಿ ನೋಡ್ತೀನಿ. ಆದ್ರ ಬೀಚಿನಾಗ ಎಲ್ಲಾ ಬಿಚ್ಚಿ ಅಡ್ಡಾಡೋರ ನಡುವ ನನ್ನ ಕೂಡಸಬ್ಯಾಡ್ರಿ" ಎಂದು ಷರತ್ತು ಹಾಕಿ ಹೊರಟರು.

ವಕೀಲರು ತಾವೇ ಒಂದು ಪಟ್ಟಿ ಬರೆದರು: ಮೊದಲು ರಾಜಧಾನಿ, ಆಮೇಲೆ ಸಮುದ್ರ, ಕೊನೆಯ ದಿನ ಪಾಳು ಗುಡಿಗಳು. ಅದನ್ನು ಓದುತ್ತ ಮುಕ್ತಾ ಕೊನೆಯ ಸಾಲಿನಲ್ಲೇ ನಿಂತಳು. ಕೊನೆಯ ದಿನದ ಹಣೆಬರಹ ಅವಳಿಗೆ ಗೊತ್ತು. ಹಂಪಿ ಅತ್ತೆಯ ಮೊಣಕಾಲಿಗೆ ಹೋಯಿತು, ಐಹೊಳೆ ಗಂಡನ ನಿದ್ದೆಗೆ ಹೋಯಿತು. ಪ್ರತಿಸಲ ಒಂದೇ ಸಮಾಧಾನ: "ಕಲ್ಲು ಎಲ್ಲಿ ಓಡಿ ಹೋಗ್ತಾವ? ಮುಂದಿನ ಸಲ ನೋಡಿದ್ರಾತು." ಮೆಕ್ಸಿಕೋಕ್ಕೆ ಮುಂದಿನ ಸಲ ಎಂಬುದು ಎಲ್ಲಿಂದ ಬರಬೇಕು? ಅಲ್ಲಿಗೇನು ಮ್ಯಾಕ್ಸಿಕ್ಯಾಬ್ ಬಿಟ್ಟಿದ್ದಾರೆಯೇ?

ಪಟ್ಟಿ ನೋಡಿದ ಶ್ರೀಶೈಲಪ್ಪ, "ಹೊಸಾ ರೂಟಿಗೆ ಗಾಡಿ ಬಿಡೂ ಮೊದಲ ಒಮ್ಮೆ ಓಡಿಸಿ ನೋಡ್ತೇವ್ರಿ" ಎಂದರು. "ಪ್ಯಾಟಿ ಅಂದ್ರ ಸಿಂದಗಿ, ಸಮುದ್ರ ಅಂದ್ರ ಆಲಮಟ್ಟಿ ಹಿನ್ನೀರು, ಹಳೇ ಕಲ್ಲು ಅಂದ್ರ ಸಾಲೋಟಗಿ ಶಾಸನ. ಮೂರೂ ಒಂದ ದಿನದಾಗ ಮಾಡ್ರಿ. ನಾ ಗಡಿಯಾರ ಹಿಡೀತೇನಿ."

ತಾಲೀಮು ನಡೆಯಿತು. ಸಿಂದಗಿ ಪೇಟೆಯಲ್ಲಿ ಇಂದೂಬಾಯಿ ಬಳೆಗಾರ್ತಿ ಮಾಬುಬಿಯ ಮೂವರು ಸೊಸೆಯಂದಿರ ವಿಚಾರಣೆಗೇ ಎರಡು ತಾಸು ತೆಗೆದುಕೊಂಡರು. ಆಲಮಟ್ಟಿಯಲ್ಲಿ ವಕೀಲರು ಪ್ಯಾಂಟು ಮಡಚಿ ನೀರಿಗಿಳಿದು "ಇನ್ನ ಐದ ನಿಮಿಷ" ಎಂಬ ವಾಯಿದೆಯನ್ನು ಒಂಬತ್ತು ಸಲ ತೆಗೆದುಕೊಂಡರು. ಇಂಡಿಗೆ ಮರಳಿದಾಗ ಹೊತ್ತು ಮುಳುಗಿತ್ತು, ಮುದುಕಿಯ ಪಾದ ಬಾತಿತ್ತು. ಸಾಲೋಟಗಿ ಉಳಿಯಿತು. "ಕಲ್ಲು ಎಲ್ಲಿ ಓಡಿ ಹೋಗ್ತಾವ ಬಿಡ" ಎಂದರು ವಕೀಲರು.

ಶ್ರೀಶೈಲಪ್ಪ ಮುಕ್ತಾಳತ್ತ ನೋಡಿದರು. "ಯಾಕ್ರಿ ಬಾಯಾರ, ಮಾರಿ ಸಣ್ಣ ಆತು?"

"ಏನಿಲ್ಲ ಕಾಕಾ."

ಅವರು ಗಡಿಯಾರ ನೋಡಿದರು. ಕಿಸೆಯಿಂದ ಡೈರಿ ತೆಗೆದು ಏನೋ ಬರೆದುಕೊಂಡರು.

ಮುಂದಿನ ನಲವತ್ತು ದಿನ ಅವರು ಸೋದರ ಸೊಸೆ ಭಾಗ್ಯಾಳ ಆನ್‌ಲೈನ್ ಸೆಂಟರಿನಲ್ಲಿ ಕೂತರು. ಅವಳು ಪರದೆಯ ಮೇಲಿನ ಸ್ಪ್ಯಾನಿಷ್ ವೇಳಾಪಟ್ಟಿಗಳನ್ನು ಕನ್ನಡ ಮಾಡಿ ಓದುವಳು, ಅವರು ಬರೆದುಕೊಳ್ಳುವರು. ಯಾವ ಟೂರ್ ಕಂಪನಿಯೂ ಕೇಳದ ಪ್ರಶ್ನೆಗಳನ್ನು ಅವರು ಕೇಳಿದರು. ಹೋಟೆಲಿನ ಬಾಗಿಲಿಗೆ ಎಷ್ಟು ಮೆಟ್ಟಿಲು? ರಾಜಧಾನಿ ಎತ್ತರದಲ್ಲಿದೆಯಂತೆ, ಮೊದಲ ದಿನ ಮುದುಕಿಗೆ ಉಬ್ಬಸ ಬಂದರೆ ಕೂರಲು ನೆರಳೆಲ್ಲಿ? ಕೊನೆಗೆ ಅವರು ಇಂಡಿಗೆ ತಂದ ಎಂಟು ಹಾಳೆಗಳಲ್ಲಿ ವಕೀಲರ ಪಟ್ಟಿ ತಲೆಕೆಳಗಾಗಿತ್ತು. ರಾಜಧಾನಿಯಿಂದ ನೇರ ಮೆರಿದಾ ಎಂಬ ಊರು. ಮರುದಿನ ಮುಂಜಾನೆಯ ಬಸ್ಸಿಗೆ ಉಶ್ಮಾಲ್ ಎಂಬ ಮಾಯಾ ಜನರ ಪಾಳು ನಗರ. ಸಮುದ್ರ ಎಲ್ಲಕ್ಕಿಂತ ಕೊನೆಗೆ.

"ನನ್ನ ಸಮುದ್ರ ಯಾಕ್ರಿ ಕಡೀಕ?" ವಕೀಲರು ತಕರಾರು ತೆಗೆದರು.

"ಆಗಂಗಿಲ್ರಿ ವಕೀಲ್ರ. ಹಾಕಿದ್ದು ಹಾಕಿದಂಗ ಹೋಗ್ಬೇಕು."

ಮೇಲ್ಮನವಿಗೆ ಅವಕಾಶವಿರಲಿಲ್ಲ. ಮುಕ್ತಾ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಹಾಳೆಗಳಲ್ಲಿ ಉಶ್ಮಾಲ್ ಬಸ್ಸಿನ ಸಾಲಿನೆದುರು ಕೆಂಪು ಶಾಯಿಯಲ್ಲಿ ಬರೆದಿತ್ತು: "ಬಲಗಡೆ ಕೂಡ್ರಬೇಕು. ಎಡಕ್ಕೆ ಬಿಸಿಲು." ಮೆಕ್ಸಿಕೋದಲ್ಲಿ ಆ ಮುಂಜಾನೆ ಬಸ್ಸಿನ ಎಡಗಡೆಯಲ್ಲಿ ದೇಶವಿದೇಶದವರು ಟೋಪಿ ಬೀಸಿಕೊಳ್ಳುತ್ತ ಬೆಂದರು; ಬಲಗಡೆಯಲ್ಲಿ ಇಂಡಿಯ ಮೂವರು ತಂಪಾಗಿ ಖಡಕ್ ರೊಟ್ಟಿ ತಿಂದರು. ಇಳಿದಾಗ ಇಬ್ಬನಿ ಇನ್ನೂ ಆರಿರಲಿಲ್ಲ. ಇಂದೂಬಾಯಿ ಮರದ ಕೆಳಗೆ ಕೂತರು. ಅಂಗೈಯಗಲದ ಚಿತ್ರ ಎದ್ದು ನಿಂತು ಆಕಾಶಕ್ಕೆ ತಲೆ ಕೊಟ್ಟಿತ್ತು. ಮುಕ್ತಾ ಎರಡು ತಾಸು ಅದನ್ನು ಸುತ್ತಿದಳು. ಯಾರೂ ಅವಸರ ಮಾಡಲಿಲ್ಲ.

ಊರಿಗೆ ಮರಳಿದ ವಾರದಲ್ಲೇ ಅವಳು ಸಿಂದಗಿಗೆ ಹೋಗಿ ಶ್ರೀಶೈಲಪ್ಪನವರ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದಳು.

"ಇಪ್ಪತ್ತೈದು ವರ್ಷ ಸಂಸಾರ ಮಾಡಿದವ್ರಿಗೆ ತಿಳೀಲಿಲ್ಲ, ಕಾಕಾ. ಆ ಕಲ್ಲು ಮೊದಲ ನೋಡದಿದ್ರ ನನಗ ನೋಡ್ಲಿಕ್ಕೇ ಸಿಗೂದಿಲ್ಲ ಅಂತ ನಿಮಗ ಹೆಂಗ ತಿಳೀತು? ನನ್ನ ಮನಸ್ಸು ಹೆಂಗ ಓದಿದ್ರಿ?"

ಶ್ರೀಶೈಲಪ್ಪ ಚಸ್ಮಾ ತೆಗೆದು ಧೋತರದ ಅಂಚಿನಿಂದ ಒರೆಸಿದರು.

"ಮನಸ್ಸು ನನಗೆಲ್ಲಿ ಓದಾಕ ಬರ್ತೈತ್ರಿ ಬಾಯಾರ? ಸಮುದ್ರ ಮೊದಲ ಹಾಕಿ ನೋಡಿದ್ನಿ. ಕನೆಕ್ಷನ್ ಬಸ್ ಹೊಂದಲಿಲ್ಲ."